ಸೂಜಿಯಕ್ಕನ ಐಸುಪೆಟ್ಟಿಗೆ

ಆ ಕಡೆಯ ಕುರಿಗಳಿಗೆ ಮಾತು ಬಂದಿದ್ದರೆ ಅವು ಮೊದಲು ಬೈಯುತ್ತಿದ್ದುದು ಸೂಜಿಯಕ್ಕನನ್ನೇ. ಇಪ್ಪತ್ತಾರು ವರ್ಷದಿಂದ ಅವಳು ಅವುಗಳ ಕತ್ತಿನ ಚರ್ಮ ಎತ್ತಿ ಸೂಜಿ ಚುಚ್ಚುತ್ತಾ ಬಂದವಳು. ಅವಳ ನೀಲಿ ಪೆಟ್ಟಿಗೆ ಕಣ್ಣಿಗೆ ಬಿದ್ದರೆ ಸಾಕು, ಇಡೀ ಮಂದೆ ಹಟ್ಟಿಯ ಮೂಲೆಗೆ ಒತ್ತರಿಸಿಕೊಂಡು ನಿಲ್ಲುತ್ತಿತ್ತು. ಮನುಷ್ಯರ ಕಥೆ ಬೇರೆ. ಅವಳನ್ನು ಕಂಡರೆ ಬೆಂಚು ಒರೆಸಿ ಕೂರಿಸುತ್ತಿದ್ದರು, ಕೇಳದಿದ್ದರೂ ಚಹಾ ತರುತ್ತಿದ್ದರು. ಆ ಹೆಸರು ಎಷ್ಟು ಅಂಟಿಕೊಂಡಿತ್ತೆಂದರೆ, ಒಮ್ಮೆ ಅವಳ ಗಂಡನೇ ಮರೆತು "ಸೂಜಿಯಕ್ಕಾ, ಊಟಕ್ಕೆ ಬಡಿಸ್ತೀಯಾ?" ಎಂದು ಕೂಗಿಬಿಟ್ಟು, ಆಮೇಲೆ ಎರಡು ದಿನ ತಾನೇ ಬಡಿಸಿಕೊಂಡು ಉಂಡಿದ್ದ.

ದನದ ಆಸ್ಪತ್ರೆಗೆ ಅವಳು ಬಂದದ್ದು ಕಸ ಗುಡಿಸುವುದಕ್ಕೆ. ಆಗಿದ್ದ ಮುದಿ ಡಾಕ್ಟರಿಗೆ ಕೈ ನಡುಗುತ್ತಿತ್ತು. ಒಂದು ದಿನ ಕುರಿ ಹಿಡಿಯಲು ಯಾರೂ ಇಲ್ಲದೆ ಇವಳನ್ನು ಕರೆದರು. ಇವಳು ಹಿಡಿದಳು. ಮೂರು ಸಲ ಗುರಿ ತಪ್ಪಿದ ಮೇಲೆ ಡಾಕ್ಟರು ಸಿರಿಂಜನ್ನು ಇವಳ ಕೈಗಿಟ್ಟು, "ನೀನೇ ಹಾಕಮ್ಮಾ, ಕುರಿಗೂ ಸುಸ್ತಾಯ್ತು, ನನಗೂ ಸುಸ್ತಾಯ್ತು" ಎಂದರು. ಪೊರಕೆ ಹಿಡಿಯುತ್ತಿದ್ದ ಕೈ ಅಂದು ಹಿಡಿದ ಸೂಜಿಯನ್ನು ಮತ್ತೆ ಕೆಳಗಿಳಿಸಲಿಲ್ಲ. ಆಮೇಲೆ ತರಬೇತಿ ಆಯಿತು, ಕಾಗದ ಬಂತು, ನೀಲಿ ಪೆಟ್ಟಿಗೆ ಬಂತು. ಪೆಟ್ಟಿಗೆಯ ಕೊಂಡಿ ಮುರಿದು ಹತ್ತು ವರ್ಷ ದಾಟಿತ್ತು. ಸೈಕಲ್ ಶಾಪಿನ ಗಂಡ ಹಳೇ ಟ್ಯೂಬು ಕತ್ತರಿಸಿ ಬಿಗಿದುಕೊಟ್ಟಿದ್ದ ಪಟ್ಟಿಯೇ ಅದರ ಬೀಗ.

ಆ ಪೆಟ್ಟಿಗೆಯ ಬಗ್ಗೆ ಅವಳಿಗಿದ್ದ ಜಂಬ ಅಷ್ಟಿಷ್ಟಲ್ಲ. ಪಕ್ಕದ ಆಸ್ಪತ್ರೆಯ ಲಸಿಕೆಯವನು ಬಾಟಲಿಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಸ್ಕೂಟರಿನ ಹ್ಯಾಂಡಲ್ಲಿಗೆ ತೂಗುಬಿಡುತ್ತಾನೆಂದು ಕೇಳಿದರೆ ಅವಳ ಮೂಗಿನ ಹೊಳ್ಳೆ ಅರಳುತ್ತಿತ್ತು. "ಬಿಸಿಲಲ್ಲಿ ಬೆಂದ ಔಷಧಿ ಹಾಕೋದೂ ಒಂದೇ, ನಲ್ಲಿ ನೀರು ಹಾಕೋದೂ ಒಂದೇ" ಎಂದು ಮನೆಮನೆಯಲ್ಲಿ ಹೇಳಿಕೊಂಡು ಬರುತ್ತಿದ್ದಳು. ಮಧ್ಯಾಹ್ನದ ಉರಿಬಿಸಿಲಲ್ಲಿ ಪೆಟ್ಟಿಗೆ ತೆರೆದು, ಇನ್ನೂ ಕಲ್ಲಿನಂತಿರುವ ಐಸಿನ ಡಬ್ಬಿಯನ್ನು ಬೆರಳಿಂದ ಟಕಟಕ ಬಡಿದು ತೋರಿಸುವುದು ಅವಳ ಚಾಳಿ. ನೋಡಿದವರು ಹುಬ್ಬೇರಿಸಬೇಕು. ಹುಬ್ಬೇರಿಸದಿದ್ದರೆ ಇನ್ನೊಮ್ಮೆ ಬಡಿಯುತ್ತಿದ್ದಳು.

ಕರುಳುಬೇನೆಯ ವಿಷಯ ಇಲ್ಲಿ ಹೇಳಲೇಬೇಕು, ಯಾಕೆಂದರೆ ಇಷ್ಟು ಹೊಟ್ಟೆಕಿಚ್ಚಿನ ರೋಗ ಇನ್ನೊಂದಿಲ್ಲ. ಬಡಕಲು ಕುರಿಯನ್ನು ಅದು ಮುಟ್ಟುವುದು ಕಡಿಮೆ. ಚೆನ್ನಾಗಿ ಮೇದು, ಬೆನ್ನು ಅಗಲವಾಗಿ, ನೋಡಿದವರೆಲ್ಲ ಹೊಗಳುವ ಮರಿಯನ್ನೇ ಆರಿಸಿ ಕೊಲ್ಲುತ್ತದೆ. ಅದರ ರೋಗಾಣು ಹೊರಗಿನಿಂದ ಬರಬೇಕೆಂದೂ ಇಲ್ಲ. ಕುರಿಯ ಕರುಳಿನಲ್ಲೇ, ಹೊರಡುವ ಮಾತೇ ಎತ್ತದ ನೆಂಟನಂತೆ ತೆಪ್ಪಗೆ ಬಿದ್ದಿರುತ್ತದೆ. ಕುರಿ ಒಮ್ಮೆಗೇ ಹೊಟ್ಟೆ ಬಿರಿಯುವಷ್ಟು ಕಾಳು ತಿಂದರೆ, ಅರಗದೆ ಉಳಿದದ್ದು ಕರುಳಿಗಿಳಿಯುತ್ತದೆ. ಆ ನೆಂಟನಿಗೆ ಅದೇ ಔತಣ. ಒಂದಕ್ಕೆ ಸಾವಿರವಾಗಿ ವಿಷ ಕಾರತೊಡಗುತ್ತದೆ. ಸಂಜೆ ಕುಣಿದಾಡಿದ ಮರಿ ಬೆಳಿಗ್ಗೆ ಕತ್ತು ಹಿಂದಕ್ಕೆ ಸೆಟೆದು ಬಿದ್ದಿರುತ್ತದೆ. ಡಾಕ್ಟರು ಚಪ್ಪಲಿ ಮೆಟ್ಟುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಅದನ್ನು ತಡೆಯುವುದು ಎರಡೇ: ಮೊದಲೇ ಹಾಕಿಸಿದ ಸೂಜಿ, ಅಳತೆಯ ಮೇವು.

ಆ ಸೂಜಿಯ ಔಷಧಿಗೆ ಒಂದು ವಿಚಿತ್ರ ಗುಣವಿದೆ. ಬೇರೆ ಕೆಲವು ಲಸಿಕೆಗಳನ್ನು ಹೆಪ್ಪುಗಟ್ಟಿಸಿಯೇ ಇಡಬೇಕು. ಇದು ತಂಪಾಗಿರಬೇಕು, ಆದರೆ ಹೆಪ್ಪುಗಟ್ಟಬಾರದು. ಒಮ್ಮೆ ಹೆಪ್ಪುಗಟ್ಟಿತೆಂದರೆ ಒಡೆದ ಹಾಲಿನ ಹಾಗೆ, ಆಮೇಲೆ ಏನು ಮಾಡಿದರೂ ಕೂಡಿಕೊಳ್ಳುವುದಿಲ್ಲ. ಅದಕ್ಕೇ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು: ಫ್ರೀಜರಿನಿಂದ ತೆಗೆದ ಐಸಿನ ಡಬ್ಬಿಗಳನ್ನು ಹಾಗೇ ಪೆಟ್ಟಿಗೆಗೆ ಹಾಕಬಾರದು. ಮೇಜಿನ ಮೇಲಿಟ್ಟು, ಅವು ಬೆವರಿ, ಅಲ್ಲಾಡಿಸಿದರೆ ಒಳಗೆ ನೀರಿನ ಸದ್ದು ಕೇಳುವವರೆಗೆ ಕಾಯಬೇಕು. ಬಾಟಲಿಗೂ ಐಸಿಗೂ ಮಧ್ಯೆ ಬಟ್ಟೆ ಸುತ್ತಬೇಕು. ಸೂಜಿಯಕ್ಕ ಇಪ್ಪತ್ತಾರು ವರ್ಷ ಹಾಗೇ ಮಾಡಿದ್ದಳು. ಆ ಒಂದು ದಿನ ಬಿಟ್ಟು.

ಆ ದಿನ ಬೆಳಿಗ್ಗೆ ಎಂಟಕ್ಕೇ ಬಿಸಿಲು ತಲೆ ಸುಡುತ್ತಿತ್ತು. ಎರಡು ಮಂದೆ, ಎರಡೂ ದೂರ. ಔಷಧಿ ಬಿಸಿಯಾದರೆ ಏನು ಗತಿ ಎಂಬ ಯೋಚನೆಯಲ್ಲಿ ಅವಳು ಐಸಿನ ಡಬ್ಬಿಗಳನ್ನು ಕಲ್ಲಿನಂತಿದ್ದಾಗಲೇ ತುಂಬಿದಳು. ಇನ್ನೊಂದು ಡಬ್ಬಿಗೆ ಜಾಗ ಬೇಕೆಂದು ಬಟ್ಟೆಯನ್ನೂ ತೆಗೆದಳು. ಆರು ಬಾಟಲಿಗಳನ್ನು ಐಸಿನ ಎದೆಗೇ ಒತ್ತಿ ಮಲಗಿಸಿ, ಟ್ಯೂಬಿನ ಪಟ್ಟಿ ಬಿಗಿದು, "ಇವತ್ತು ಸೂರ್ಯನೇ ಬಂದು ಕೂತ್ರೂ ಕರಗಲ್ಲ" ಎಂದು ತನ್ನಷ್ಟಕ್ಕೆ ಹೇಳಿಕೊಂಡು ಹೊರಟಳು. ಅಸಡ್ಡೆಯಿಂದ ಮಾಡಿದ ತಪ್ಪಾಗಿದ್ದರೆ ಬೈದು ಸುಮ್ಮನಾಗಬಹುದಿತ್ತು. ಇದು ಅತಿ ಕಾಳಜಿ ಮಾಡಿದ ಎಡವಟ್ಟು.

ಮೊದಲು ಹಂಚಿನ ಮನೆಯವರ ಮಂದೆ, ಆಮೇಲೆ ಮಂದೆಯಜ್ಜ ಎಂದು ಎಲ್ಲರೂ ಕರೆಯುವ ಮುದುಕನದು. ನಾಲ್ಕು ಬಾಟಲಿ ಖಾಲಿಯಾಯಿತು. ಉಳಿದ ಎರಡನ್ನು ತಂದು ಆಸ್ಪತ್ರೆಯ ಫ್ರಿಜ್ಜಿನಲ್ಲಿಟ್ಟಳು. ಮೊದಲ ಸಲ ಹಾಕಿಸಿಕೊಂಡ ಮರಿಗಳಿಗೆ ಹದಿನೈದು ದಿನಕ್ಕೆ ಎರಡನೇ ಸೂಜಿ ಬೇಕು. ಅದಕ್ಕೂ ಅದೇ ಬಾಟಲಿಗಳಲ್ಲೊಂದನ್ನು ಒಯ್ದಳು. ಕಡೆಯದೊಂದು ಫ್ರಿಜ್ಜಿನಲ್ಲೇ ಉಳಿಯಿತು.

ಮಂದೆಯಜ್ಜನ ಮನೆಯಲ್ಲಿ ಮರಿಗಳನ್ನು ಸಾಕುತ್ತಿದ್ದವಳು ಸೊಸೆ. ಕುರಿಯೇ ಇಲ್ಲದ ಮನೆಯಿಂದ ಬಂದ ಹುಡುಗಿ, ಎರಡೇ ವರ್ಷದಲ್ಲಿ ಯಾವ ಮರಿ ಯಾವ ತಾಯಿಯದೆಂದು ಕಣ್ಣುಮುಚ್ಚಿ ಹೇಳುವಷ್ಟಾಗಿದ್ದಳು. ಗಂಡ ಲಾರಿ ಓಡಿಸುವವನು, ತಿಂಗಳಿಗೆರಡು ಸಲ ಮನೆಗೆ ಬರುತ್ತಿದ್ದ. ಮಂದೆಯಜ್ಜ ಹೊಗಳುವ ಪೈಕಿಯೇ ಅಲ್ಲ. ಅಂಥವನು ಆ ವರ್ಷ ಹಟ್ಟಿಯ ಬಾಗಿಲಿನ ಅಗಳಿಯನ್ನು ಸೊಸೆಯ ಕೈಗೆ ಕೊಟ್ಟಿದ್ದ. ಕೈಯಾಡಿ ಕೈಯಾಡಿ ನುಣುಪಾದ ಮರದ ತುಂಡು ಅದು. ಬೆಳಿಗ್ಗೆ ಅದನ್ನು ಎಳೆದು ಮಂದೆ ಬಿಡುವುದು, ಸಂಜೆ ಎಣಿಸಿ ಒಳಗೆ ಹಾಕಿ ಅಗಳಿ ಜಡಿಯುವುದು ಮನೆಯ ಹಿರಿಯರ ಕೆಲಸ. ಅದನ್ನು ಕೊಟ್ಟನೆಂದರೆ ಬಾಯಿಬಿಟ್ಟು ಹೊಗಳಿದ್ದಕ್ಕಿಂತ ಹೆಚ್ಚು.

ಎರಡನೇ ಸೂಜಿಯಾಗಿ ಮೂರು ವಾರ ಕಳೆದಿತ್ತು. ಜೋಳದ ಮೂಟೆಯೊಂದು ಇಲಿ ಕಡಿದು ಒಡೆದು, ಕಾಳು ನೆಲಕ್ಕೆ ಸುರಿದಿತ್ತು. ಮಣ್ಣಾದ ಕಾಳು ಮನುಷ್ಯರಿಗಂತೂ ಆಗುವುದಿಲ್ಲ, ಮರಿಗಳಾದರೂ ತಿನ್ನಲಿ ಎಂದು ಸೊಸೆ ಎರಡು ಬುಟ್ಟಿ ಬಾಚಿ ಹಾಕಿದಳು. ಮರಿಗಳು ತಲೆ ಎತ್ತದೆ ತಿಂದವು. ಅವು ತಿನ್ನುವುದನ್ನು ಅವಳು ನಿಂತು ನೋಡಿ ಖುಷಿಪಟ್ಟಳು. ಬೆಳಿಗ್ಗೆ ಹದಿನಾಲ್ಕು ಮರಿಗಳಲ್ಲಿ ನಾಲ್ಕು ಸತ್ತು ಬಿದ್ದಿದ್ದವು. ಮಧ್ಯಾಹ್ನಕ್ಕೆ ಒಂಬತ್ತಾಯಿತು. ತಾಯಿ ಸತ್ತಿದ್ದ ಒಂದು ಮರಿಯನ್ನು ಅವಳು ಬಾಟಲಿ ಹಾಲು ಕುಡಿಸಿ ಬೆಳೆಸಿದ್ದಳು. ಎಲ್ಲಕ್ಕಿಂತ ದುಂಡಗಿದ್ದುದು ಅದೇ, ಮೊದಲು ಹೋದದ್ದೂ ಅದೇ.

ಈಗಿನ ಡಾಕ್ಟರು ಬಂದು ಒಂದನ್ನು ಕೊಯ್ದು ನೋಡಿದರು. ಮೂರು ಆಸ್ಪತ್ರೆ ನೋಡಿಕೊಳ್ಳುವ ಮನುಷ್ಯ, ಯಾವಾಗಲೂ ಒಂದು ಕಾಲು ಜೀಪಿನಲ್ಲೇ. ಕರುಳು ಕೆಂಪಾಗಿ ಉಬ್ಬಿತ್ತು, ಮೂತ್ರಪಿಂಡ ಹಿಡಿದರೆ ಬೆರಳಿಗೇ ಕಲಸಿಕೊಂಡು ಬರುತ್ತಿತ್ತು.

"ಕರುಳುಬೇನೆ. ಸೂಜಿ ಆಗಿತ್ತಾ?" ಎಂದರು.

"ಎರಡು ಸಲ ಆಗಿದೆ ಸಾರ್. ನಾನೇ ಹಾಕಿದ್ದು" ಎಂದಳು ಜೊತೆಗೆ ಬಂದಿದ್ದ ಸೂಜಿಯಕ್ಕ. ದನಿಯಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ. ಆಮೇಲೆ ಸೊಸೆಯ ಕಡೆ ತಿರುಗಿ, ಎಲ್ಲರೆದುರಿಗೆ, "ಏನಮ್ಮಾ, ಎಷ್ಟು ಸುರಿದೆ ಕಾಳು?" ಎಂದು ಕೇಳಿದಳು.

"ಎರಡು ಬುಟ್ಟಿ."

"ಎರಡು ಬುಟ್ಟಿ! ಸೂಜಿ ಅಂದ್ರೆ ಮಂತ್ರ ಅಂದ್ಕೊಂಡ್ಯಾ? ನಿನ್ನ ಪ್ರೀತಿನೇ ಅವಕ್ಕೆ ಮುಳುವಾಯ್ತು ನೋಡು."

ಈ ಮಾತಿಗೆ ಆಮೇಲೆ ಅವಳು ನಾಲಿಗೆ ಕಚ್ಚಿಕೊಂಡದ್ದು ಎಷ್ಟು ಸಲವೋ. ಆಗ ಮಾತ್ರ ಅದು ಸರಿಯಾದ ಮಾತೆಂದೇ ಅನಿಸಿತ್ತು. ಮಂದೆಯಜ್ಜ ಬೈಯಲಿಲ್ಲ, ಕೂಗಾಡಲಿಲ್ಲ. ಸೊಸೆಯ ಮುಂದೆ ಕೈ ಚಾಚಿದ. ಅವಳು ಸೆರಗಿನಲ್ಲಿ ಹಿಡಿದಿದ್ದ ಅಗಳಿಯನ್ನು ಕೊಟ್ಟಳು. "ಇನ್ನು ಹಟ್ಟಿ ಕಡೆ ಬರ್ಬೇಡ" ಎಂದ, ಅಷ್ಟೇ. ಅಂದಿನಿಂದ ಮಂಡಿನೋವಿನ ಮುದುಕ ತಾನೇ ಕುಂಟುತ್ತಾ ಮಂದೆ ಬಿಡುತ್ತಿದ್ದ. ಸೊಸೆ ಅಡುಗೆಮನೆ ಹಿಡಿದಳು.

ಹದಿಮೂರನೇ ದಿನ, ಹಾಡಹಗಲು ಹನ್ನೆರಡಕ್ಕೆ, ಸೂಜಿಯಕ್ಕನಿಗೆ ಸತ್ಯ ತಿಳಿಯಿತು. ಯಾರೋ ನಾಲ್ಕು ಮರಿ ತಂದಿದ್ದರು, ಕರುಳುಬೇನೆಯ ಸೂಜಿಗೆ. ಫ್ರಿಜ್ಜಿನಲ್ಲಿ ಎದುರಿಗೇ ಇದ್ದ ಹಳೇ ಬಾಟಲಿ ತೆಗೆದು, ಚೆನ್ನಾಗಿ ಅಲ್ಲಾಡಿಸಿ ಮೇಜಿನ ಮೇಲಿಟ್ಟಳು. ಅಷ್ಟರಲ್ಲಿ ಮರಿಯೊಂದು ಹಗ್ಗ ಬಿಡಿಸಿಕೊಂಡು ಡಾಕ್ಟರ ಕೋಣೆಗೆ ನುಗ್ಗಿ, ಕಾಗದ ಬಾಯಿಗೆ ಹಾಕಿಕೊಂಡಿತು. ಅದನ್ನು ಹಿಡಿದು, ಬೈದು, ಬಾಯಿಂದ ಕಾಗದ ಕಿತ್ತು ವಾಪಸು ಬಂದು ನೋಡಿದರೆ, ಬಾಟಲಿಯಲ್ಲಿ ಮೇಲೆ ತಿಳಿನೀರು, ಕೆಳಗೆ ಬಿಳಿ ಚೂರುಗಳ ಮಡ್ಡಿ.

ಹೊಸದಾಗಿ ಬಂದಿದ್ದ ಲಸಿಕೆಯ ಪೊಟ್ಟಣದಿಂದ ಇನ್ನೊಂದು ಬಾಟಲಿ ತೆಗೆದು, ಎರಡನ್ನೂ ಒಟ್ಟಿಗೆ ಅಲ್ಲಾಡಿಸಿ ಪಕ್ಕಪಕ್ಕ ಇಟ್ಟು, ಬೆಂಚಿನ ಮೇಲೆ ಕೂತು ಕಾದಳು. ಹೊಸದು ಅಲ್ಲಾಡಿಸಿದ ಮೇಲೆ ಹೇಗಿತ್ತೋ ಹಾಗೇ ಇತ್ತು, ಬೆಳ್ಳಗೆ, ಒಂದೇ ಸಮ. ಹಳೆಯದು ಕಣ್ಣೆದುರೇ ಒಡೆದು ಕೆಳಗಿಳಿಯಿತು. ಹೆಪ್ಪುಗಟ್ಟಿದ ಲಸಿಕೆ ಕಂಡುಹಿಡಿಯುವುದು ಹೀಗೆ ಎಂದು ಅವಳೇ ಎಷ್ಟು ಜನರಿಗೆ ಹೇಳಿಕೊಟ್ಟಿರಲಿಲ್ಲ! ಕಲ್ಲಿನಂಥ ಐಸು, ತೆಗೆದುಹಾಕಿದ ಬಟ್ಟೆ, ಎಲ್ಲ ಒಂದೊಂದಾಗಿ ನೆನಪಾಯಿತು. ಆ ದಿನ ಹಾಕಿದ್ದು, ಹದಿನೈದು ದಿನಕ್ಕೆ ಹಾಕಿದ್ದು, ಯಾವುದೂ ಔಷಧಿಯಲ್ಲ. ಎರಡು ಬುಟ್ಟಿ ಕಾಳು ತಪ್ಪೇ, ಇಲ್ಲವೆನ್ನುವಂತಿಲ್ಲ. ಆದರೆ ಸೂಜಿ ಸೂಜಿಯಾಗಿದ್ದರೆ ಒಂಬತ್ತು ಮರಿ ಹೀಗೆ ಸಾಲಾಗಿ ಬೀಳುತ್ತಿರಲಿಲ್ಲ. ತನ್ನ ಬಾಟಲಿಯನ್ನು ಒಮ್ಮೆಯೂ ನೋಡದೆ ಆ ಹುಡುಗಿಯನ್ನು ಎಲ್ಲರೆದುರಿಗೆ ನಿಲ್ಲಿಸಿ ಕೇಳಿದ್ದು ತಾನು.

ಡಾಕ್ಟರಿಗೆ ಫೋನು ಮಾಡಿದಳು. ಅವರು ಎಲ್ಲ ಕೇಳಿಸಿಕೊಂಡರು.

"ಇನ್ನೊಂದು ವಾರಕ್ಕೆ ಕೊಯ್ಲಾದ ಹೊಲಗಳಿಗೆ ಮಂದೆ ಬಿಡ್ತಾರೆ. ಬಿದ್ದ ಕಾಳೆಲ್ಲಾ ತಿಂತಾವೆ. ಉಳಿದವಕ್ಕೆ ಮೊದಲು ಹೊಸ ಸೂಜಿ ಹಾಕಿ, ಮಂದೆ ಬಿಡೋದು ತಡ ಮಾಡಿಸಿ."

"ಜನಕ್ಕೆ ಏನು ಹೇಳ್ಲಿ ಸಾರ್?"

"ಈ ವರ್ಷ ಬೇನೆ ಜಾಸ್ತಿ, ಇನ್ನೊಂದು ಸುತ್ತು ಹಾಕ್ತಿದೀವಿ ಅಂದ್ಬಿಡಿ. ಸುಮ್ನೆ ಗಲಾಟೆ ಯಾಕೆ? ಇಷ್ಟು ವರ್ಷದ ಹೆಸರು ನಿಮ್ದು. ನಾಳೆ ಯಾರೂ ಸೂಜಿನೇ ಹಾಕಿಸ್ಕೊಳ್ಳಲ್ಲ ಅಂದ್ರೆ?"

ಮಾತಿನಲ್ಲಿ ಹುರುಳಿಲ್ಲವೆಂದು ಯಾರೂ ಹೇಳುವಂತಿರಲಿಲ್ಲ. ಅವಳು ಪೆಟ್ಟಿಗೆ ಹೊತ್ತು ದಾರಿಯಲ್ಲೇ ಇದ್ದ ಸೈಕಲ್ ಶಾಪಿಗೆ ಹೋಗಿ ಗಂಡನಿಗೆ ಎಲ್ಲ ಹೇಳಿದಳು. ಅವನು ನೀರಿನ ತೊಟ್ಟಿಯಲ್ಲಿ ಟ್ಯೂಬು ಅದ್ದಿ ಗುಳ್ಳೆ ನೋಡುತ್ತಿದ್ದ.

"ಡಾಕ್ಟ್ರು ಹೇಳಿದ್ದು ಸರಿ ಇದೆ ಕಣೇ. ನಾನು ಹಾಕಿದ ಪಂಕ್ಚರ್ ಮಾರನೇ ದಿನ ಸೋರಿದ್ರೆ ರಸ್ತೆ ಮೊಳೆ ಅಂತೀನಿ. ಎಲ್ಲಾ ಕಸುಬಿನಲ್ಲೂ ಇದ್ದಿದ್ದೇ."

"ನಿಮ್ಮ ಟ್ಯೂಬಿಗೆ ಸೊಸೆ ಇಲ್ವಲ್ಲ" ಎಂದಳು ಅವಳು.

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಟ್ಯೂಬು ತೊಟ್ಟಿಯಲ್ಲೇ ಬಿಟ್ಟು, ಅವಳ ಪೆಟ್ಟಿಗೆಯ ಪಟ್ಟಿ ಸಡಿಲಾಗಿದೆಯೆಂದು ಇನ್ನೊಂದು ಸುತ್ತು ಬಿಗಿದುಕೊಟ್ಟ.

ಹಾಗೆಂದು ಅವಳೇನು ನೆಟ್ಟಗೆ ಹೋಗಿ ಸತ್ಯ ಹೇಳಿಬಿಟ್ಟಳೆಂದು ತಿಳಿಯಬೇಡಿ. ಮೊದಲು ಹೋದದ್ದು ಹಂಚಿನ ಮನೆಗೆ. ಅಲ್ಲಿ ಮರಿ ಸತ್ತಿರಲಿಲ್ಲ, ಯಾರೂ ಕಾಳು ಸುರಿದಿರಲಿಲ್ಲ. "ಈ ವರ್ಷ ಬೇನೆ ಜಾಸ್ತಿ ಅಂತೆ, ಇನ್ನೊಂದು ಸುತ್ತು" ಎಂದಳು. ಮಾತು ಬಾಯಿಂದ ಸಲೀಸಾಗಿ ಬಂತು. ಮಂದೆಗೆಲ್ಲ ಸೂಜಿ ಹಾಕಿದಳು. ಮನೆಯೊಡತಿ ಚಹಾ ತಂದು, "ನಿಮ್ಮಷ್ಟು ಕಾಳಜಿ ಯಾರಿಗಿದೆ ಅಕ್ಕಾ? ಕೇಳದೆನೇ ಬಂದು ಹಾಕ್ತೀರಿ" ಎಂದಳು. ಚಹಾ ಬಿಸಿಯಾಗಿತ್ತು, ಸಿಹಿಯೂ ಸರಿಯಾಗಿತ್ತು. ಸೂಜಿಯಕ್ಕ ಅರ್ಧ ಲೋಟ ಬಿಟ್ಟು ಎದ್ದಳು.

ಮಂದೆಯಜ್ಜನ ಮನೆಗೆ ಬಂದಾಗ ಮೂರು ಗಂಟೆ. ಅಜ್ಜ ಜಗುಲಿಯಲ್ಲಿ ಮಂಡಿಗೆ ಎಣ್ಣೆ ತಿಕ್ಕುತ್ತಾ ಕೂತಿದ್ದ. ಪಕ್ಕದಲ್ಲಿ ಅಗಳಿ. ಬಿಸಿಲಿಗೆ ಮಂದೆ ಹಟ್ಟಿಯೊಳಗೇ ಇತ್ತು. ಸೊಸೆ ಅಂಗಳದ ಮೂಲೆಯಲ್ಲಿ, ಹಟ್ಟಿಗೆ ಬೆನ್ನು ಮಾಡಿ ಪಾತ್ರೆ ತಿಕ್ಕುತ್ತಿದ್ದಳು. ಹಟ್ಟಿಯಿಂದ ಉಳಿದ ಐದು ಮರಿಗಳಲ್ಲಿ ಒಂದು ಅವಳ ಸದ್ದು ಕೇಳಿ ಕೂಗಿತು. ಅವಳು ತಿರುಗಲಿಲ್ಲ. ಮರಿ ಇನ್ನೊಮ್ಮೆ ಕೂಗಿತು. ಅವಳು ಈಗಾಗಲೇ ತಿಕ್ಕಿದ್ದ ತಪ್ಪಲೆಯನ್ನೇ ಮತ್ತೆ ತಿಕ್ಕತೊಡಗಿದಳು.

"ಬಾಮ್ಮಾ ಸೂಜಿಯಕ್ಕಾ. ಮತ್ತೇನು ಬಂದೆ?" ಎಂದ ಅಜ್ಜ.

ಇನ್ನೊಂದು ಸುತ್ತು ಎನ್ನುವ ಮಾತು ನಾಲಿಗೆ ತುದಿಯಲ್ಲೇ ಇತ್ತು. ಅವಳು ಪೆಟ್ಟಿಗೆ ಇಳಿಸಿ, ಹಳೇ ಬಾಟಲಿ, ಹೊಸ ಬಾಟಲಿ ಎರಡನ್ನೂ ಜಗುಲಿಯ ಮೇಲಿಟ್ಟಳು.

"ಅಜ್ಜಾ, ಮರಿ ಸತ್ತಿದ್ದು ನನ್ನಿಂದ" ಎಂದಳು.

ಪಾತ್ರೆಯ ಸದ್ದು ನಿಂತಿತು. ಸೂಜಿಯಕ್ಕ ಎರಡೂ ಬಾಟಲಿ ಅಲ್ಲಾಡಿಸಿ ಇಟ್ಟು, ಅವು ತಮ್ಮ ಕೆಲಸ ಮಾಡುವವರೆಗೆ ಎಲ್ಲ ಹೇಳಿದಳು. ಐಸು ಹೇಗೆ ತುಂಬಿದೆ, ಬಟ್ಟೆ ಯಾಕೆ ತೆಗೆದೆ, ಎರಡನೇ ಸಲವೂ ಅದನ್ನೇ ಹೇಗೆ ಹಾಕಿದೆ. ಅಡ್ಡಗೋಡೆಯ ಮೇಲೆ ದೀಪ ಇಡಲಿಲ್ಲ. "ಕಾಳು ಜಾಸ್ತಿ ಆಗಿದ್ದು ಹೌದು. ಆದ್ರೆ ನಾನು ಹಾಕಿದ್ದು ಒಳ್ಳೇ ಔಷಧಿ ಆಗಿದ್ರೆ ಇಷ್ಟು ಮರಿ ಹೋಗ್ತಿರ್ಲಿಲ್ಲ. ನಾನು ತಿಳಿಯದೆ ನಿಮ್ಮ ಸೊಸೆ ಮೇಲೆ ಹಾಕ್ಬಿಟ್ಟೆ."

ಅಜ್ಜ ಒಡೆದ ಬಾಟಲಿಯನ್ನೇ ನೋಡುತ್ತಿದ್ದ. "ಇಪ್ಪತ್ತಾರು ವರ್ಷ ನಿನ್ನ ನಂಬಿದ್ನಲ್ಲಮ್ಮಾ" ಎಂದ ಕೊನೆಗೆ. ಅವನು ಕೂಗಾಡಿದ್ದರೆ ಅವಳಿಗೆ ಹಗುರಾಗುತ್ತಿತ್ತು.

ಸೊಸೆ ಕೈಯ ಬೂದಿಯನ್ನೂ ತೊಳೆಯದೆ ಬಂದು ನಿಂತಿದ್ದಳು. ಸೂಜಿಯಕ್ಕ ಅವಳ ಕಡೆ ತಿರುಗಿ, "ಕ್ಷಮಿಸ್ಬಿಡಮ್ಮಾ" ಎಂದಳು.

"ಒಂಬತ್ತಕ್ಕೂ ಗುಂಡಿ ತೋಡಿದ್ದು ನಾನೇ ಅಕ್ಕಾ" ಎಂದಳು ಸೊಸೆ. "ಒಂದೊಂದನ್ನೂ ಇಳಿಸುವಾಗ, ನಾನು ಕೊಂದೆ, ನಾನು ಕೊಂದೆ ಅಂದ್ಕೊಂಡೇ ಮಣ್ಣು ಹಾಕ್ದೆ. ಹದಿಮೂರು ದಿನದಿಂದ ಅವು ಕೂಗಿದ್ರೆ ಕಿವಿ ಮುಚ್ಕೋತೀನಿ. ಈಗ ಬಂದು ಕ್ಷಮಿಸು ಅಂದ್ರೆ ಏನು ಹೇಳ್ಲಿ ನಾನು?"

ಏನಾದರೂ ಹೇಳಿ ಸಮಾಧಾನ ಮಾಡುವುದು ಸುಲಭ, ಆದರೆ ಅದು ತನ್ನ ಸಮಾಧಾನಕ್ಕೆ ಆಗುತ್ತಿತ್ತೆಂದು ಸೂಜಿಯಕ್ಕನಿಗೆ ಗೊತ್ತಿತ್ತು. ತಲೆ ತಗ್ಗಿಸಿ ನಿಂತಳು. ಸೊಸೆ ಅತ್ತಳು, ಮುಖ ಮುಚ್ಚಿಕೊಳ್ಳದೆ, ಸಿಟ್ಟಿನಲ್ಲೇ ಅತ್ತಳು.

ಹಟ್ಟಿಯಿಂದ ಮರಿ ಮತ್ತೆ ಕೂಗಿತು. ಅಜ್ಜ ಅಗಳಿ ಹಿಡಿದು ಏಳಲು ನೋಡಿದ, ಏಳಲಿಲ್ಲ. ಮಂಡಿ ನೋವೋ, ಇನ್ನೇನೋ. ಅಗಳಿಯನ್ನು ಸೊಸೆಯ ಕಡೆ ಚಾಚಿದ. ಅವಳು ನೋಡಿದಳೇ ಹೊರತು ಕೈ ನೀಡಲಿಲ್ಲ. ಮುದುಕ ಚಾಚಿದ ಕೈಯನ್ನು ಹಿಂದಕ್ಕೆ ತೆಗೆಯಲಿಲ್ಲ.

"ತಗೊಳ್ಳಮ್ಮಾ. ಕೇಳದೆ ಕಿತ್ಕೊಂಡಿದ್ದು ನನ್ನ ತಪ್ಪು" ಎಂದ ಅಜ್ಜ. ಆ ಮನೆಯಲ್ಲಿ ಅವನು ಅಂಥ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ.

ಸೊಸೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಅಗಳಿ ತೆಗೆದುಕೊಂಡಳು. ಹಟ್ಟಿಯ ಬಾಗಿಲು ತೆರೆದಾಗ ಐದೂ ಮರಿಗಳು ಅವಳ ಕಾಲಿಗೆ ತೊಡರಿಕೊಂಡವು, ಎಲ್ಲಿ ಹೋಗಿದ್ದೆ ಎಂದು ಕೇಳುವ ಹಾಗೆ. ಅವಳು ಒಂದನ್ನು ಹಿಡಿದು ಮಂಡಿಯ ನಡುವೆ ನಿಲ್ಲಿಸಿಕೊಂಡಳು. ಸೂಜಿಯಕ್ಕ ಹೊಸ ಬಾಟಲಿಯ ಮುಚ್ಚಳಕ್ಕೆ ಸೂಜಿ ಹಾಕಲು ಹೋದಳು.

"ಇರಿ" ಎಂದಳು ಸೊಸೆ. "ಬಾಟಲಿ ಕೊಡಿ."

ಇಪ್ಪತ್ತಾರು ವರ್ಷದಲ್ಲಿ ಯಾರೂ ಸೂಜಿಯಕ್ಕನ ಕೈಯಿಂದ ಬಾಟಲಿ ಕೇಳಿರಲಿಲ್ಲ. ಅವಳು ಕೊಟ್ಟಳು. ಸೊಸೆ ಅದನ್ನು ಜೋರಾಗಿ ಅಲ್ಲಾಡಿಸಿ, ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ ನೋಡುತ್ತಾ ನಿಂತಳು.

"ಹೊತ್ತಾಯ್ತಲ್ಲಮ್ಮಾ" ಎಂದ ಅಜ್ಜ ಜಗುಲಿಯಿಂದ.

"ಆಗ್ಲಿ ಮಾವ" ಎಂದಳು ಸೊಸೆ, ಬಾಟಲಿಯಿಂದ ಕಣ್ಣು ತೆಗೆಯದೆ.

ಸೂಜಿಯಕ್ಕ ಸಿರಿಂಜು ಹಿಡಿದು ಕಾದಳು. ನಾಳೆ ಬೆಳಿಗ್ಗೆ ಮೊದಲು ಹಂಚಿನ ಮನೆಗೆ ಹೋಗಬೇಕು, ಅಲ್ಲೂ ಎರಡು ಬಾಟಲಿ ಮುಂದಿಟ್ಟು ಕೂರಬೇಕು ಎಂದುಕೊಂಡಳು. ಇನ್ನು ಮೇಲೆ ಯಾವ ಮನೆಯಲ್ಲೂ ಐಸು ಬಡಿದು ತೋರಿಸುವುದಿಲ್ಲ. ಬಾಟಲಿಯನ್ನೇ ಮನೆಯವರ ಕೈಗೆ ಕೊಡುತ್ತೇನೆ, ಅವರು ಹ್ಞೂಂ ಅಂದ ಮೇಲೇ ಸೂಜಿ.

ಬಾಟಲಿಯಲ್ಲಿ ಬಿಳುಪು ಒಂದೇ ಸಮ ಇತ್ತು. ಸೊಸೆ ಇನ್ನೂ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಅದನ್ನು ವಾಪಸು ಕೊಟ್ಟು, ಮರಿಯ ಕತ್ತಿನ ಚರ್ಮವನ್ನು ತಾನೇ ಎತ್ತಿ ಹಿಡಿದು, "ಹ್ಞೂಂ, ಹಾಕಿ" ಎಂದಳು.